ಗಂಟೆ ಹೊಡೆದರೆ ಸಾಕೆ? ಬಾಗಿಲು ತಟ್ಟುವವರು ಯಾರು?

ಡಿಸೆಂಬರ್ ಹತ್ತಿರ ಬಂದ ಹಾಗೆ ಮಂಗಳೂರಿನ ಅನೇಕ ಇಗರ್ಜಿ, ಸಭೆಗಳ ಗೇಟಿನಲ್ಲಿ ಬ್ಯಾನರುಗಳು ಏಳುತ್ತವೆ. ಉಚಿತ ಕಣ್ಣು ತಪಾಸಣೆ, ರಕ್ತದಾನ, ಅಕ್ಕಿ ವಿತರಣೆ, ಅನಾಥಾಶ್ರಮದ ಮಕ್ಕಳಿಗೆ ಕೇಕು. ಬೆಳಿಗ್ಗೆ ಒಂಬತ್ತಕ್ಕೆ ದೀಪ ಹಚ್ಚಿದರೆ ಹತ್ತೂವರೆ ತನಕ ಭಾಷಣ. ಒಂದು ಗಂಟೆಗೆ ಊಟ. ಎರಡಕ್ಕೆ ಶಾಮಿಯಾನ ಬಿಚ್ಚಿ ಟೆಂಪೋಕ್ಕೆ ಹಾಕಿ ಆಯಿತು. ಮರುದಿನ ಪತ್ರಿಕೆಯಲ್ಲಿ ಫೋಟೋ. ಅಲ್ಲಿಗೆ ಆ ವರ್ಷದ ‘ಔಟ್‌ರೀಚ್’ ಮುಗಿಯಿತು!

ಔಟ್‌ರೀಚ್ ಎಂದರೆ ಏನೋ ದೊಡ್ಡ ಶಬ್ದ ಅಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾಂಪೌಂಡಿನ ಹೊರಗಿನ ಕೆಲಸ. ಭಾನುವಾರ ಬೆಂಚಿನಲ್ಲಿ ಕೂತುಕೊಳ್ಳುವವರಿಗೆ ಮಾಡುವ ಸೇವೆ ಒಂದು. ಆ ಬೆಂಚಿಗೆ ಎಂದೂ ಬಾರದ, ಬರಬೇಕೆಂದೂ ಇಲ್ಲದ ನೆರೆಕರೆಯವರಿಗೆ ಮಾಡುವುದು ಇನ್ನೊಂದು. ಎರಡನೆಯದೇ ಈ ಕಾಂಪೌಂಡಿನ ಹೊರಗಿನ ಕೆಲಸ.

ಶಿಬಿರ ಮಾಡಿದ್ದು ತಪ್ಪು ಎಂದು ಯಾರೂ ಹೇಳಲಿಕ್ಕಿಲ್ಲ. ವೆನ್‌ಲಾಕ್ ಆಸ್ಪತ್ರೆಯಲ್ಲಿ ಮಲಗಿದವನಿಗೆ ರಕ್ತ ಬೇಕೇ ಬೇಕು. ಆದರೆ ಒಂದು ಸಣ್ಣ ಪ್ರಶ್ನೆ ಉಂಟು. ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು, ಸಕ್ಕರೆ 280 ಎಂದು ಬರೆದ ಚೀಟಿ ಹಿಡಿದು ಮನೆಗೆ ಹೋದ ಅಜ್ಜಿ ಮರುತಿಂಗಳು ಯಾವ ಮಾತ್ರೆ ನುಂಗುತ್ತಾಳೆ? ಅದಕ್ಕೆ ದುಡ್ಡು ಎಲ್ಲಿಂದ? ಮೂರು ತಿಂಗಳು ಬಿಟ್ಟು ಪುನಃ ಪರೀಕ್ಷೆಗೆ ಕರೆದುಕೊಂಡು ಹೋಗುವವರು ಯಾರು? ಸಕ್ಕರೆ, ಬಿ.ಪಿ. ಎಲ್ಲ ಒಂದು ದಿನದ ಕಾಯಿಲೆ ಅಲ್ಲ. ವರ್ಷಗಟ್ಟಲೆ ಇರುವ ಕಾಯಿಲೆಗೆ ವರ್ಷಕ್ಕೊಮ್ಮೆ ಶಾಮಿಯಾನ ಹಾಕಿದರೆ ಆಯಿತೇ? ಗೊತ್ತಿಲ್ಲದಿದ್ದ ಅಜ್ಜಿಗೆ ಕಾಯಿಲೆ ಉಂಟೆಂದು ಗೊತ್ತಾಯಿತು. ಅಷ್ಟೇ ಲಾಭ.

ಅಂಗಡಿಯವನು ವರ್ಷಕ್ಕೊಮ್ಮೆ ಬಾಗಿಲು ತೆಗೆದು ‘ಭಾರೀ ರಿಯಾಯಿತಿ’ ಎಂದರೆ ಗಿರಾಕಿ ಒಂದು ದಿನ ಬಂದಾನು, ಮರುದಿನ ಪಕ್ಕದ ಅಂಗಡಿಗೇ ಹೋದಾನು. ದಿನಾ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುವ ಅಂಗಡಿಯ ಮೇಲೆಯೇ ಊರಿಗೆ ಭರವಸೆ. ಸೇವೆಗೂ ಇದೇ ಲೆಕ್ಕ.

ಹಳೇ ಪುಸ್ತಕ ತೆಗೆದು ನೋಡಿದರೆ

ಮಂಗಳೂರಿನ ಕ್ರೈಸ್ತರಿಗೆ ಈ ಪಾಠವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಅವರ ಹಿರಿಯರೇ ಮಾಡಿ ತೋರಿಸಿದ್ದಾರೆ. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದಲ್ಲಿ ಕ್ರೈಸ್ತರು ನೂರಕ್ಕೆ ಎಂಟರಷ್ಟು. ಇಡೀ ರಾಜ್ಯದಲ್ಲಿ ನೂರಕ್ಕೆ ಎರಡೂ ಇಲ್ಲ. ಇಷ್ಟು ಸಣ್ಣ ಸಮುದಾಯದ ಹೆಸರು ಊರಿನ ಪ್ರತಿ ಬಸ್ ಸ್ಟಾಪಿನಲ್ಲಿ ಕೇಳುವುದು ಯಾಕೆ? ಕಂಡಕ್ಟರ್ ಕೂಗುವ ಹೆಸರುಗಳಲ್ಲಿ ಎಷ್ಟು ಶಾಲೆ, ಕಾಲೇಜು, ಆಸ್ಪತ್ರೆಗಳು ಇವರದು ಎಂದು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ.

ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದದ್ದು ಮತ ಸಾರಲಿಕ್ಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಬಂದವರು ಮೊದಲು ಕೂತು ಮಾಡಿದ ಕೆಲಸ ಭಾಷೆ ಕಲಿಯುವುದು. ಕನ್ನಡ ಕಲಿತರು, ತುಳು ಕಲಿತರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದ್ದು ಕನ್ನಡದ ಮೊದಲ ಪತ್ರಿಕೆಯಾಯಿತು. 1886ರಲ್ಲಿ ಮ್ಯಾನರ್ ತುಳು ನಿಘಂಟು ತಂದರು. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಬಂತು. ಇಂದು ಆ ನಿಘಂಟು ತೆಗೆಯುವವರಲ್ಲಿ ನೂರಕ್ಕೆ ಎಷ್ಟು ಮಂದಿ ಕ್ರೈಸ್ತರು? ಯಾರೂ ಲೆಕ್ಕ ಇಟ್ಟಿಲ್ಲ, ಇಡುವ ಅಗತ್ಯವೂ ಇಲ್ಲ.

ಹಂಚಿನ ಕಾರ್ಖಾನೆಯ ಕತೆ ಇನ್ನೂ ಗಟ್ಟಿ. ಮತ ಬದಲಿಸಿದವರಿಗೆ ಆ ಕಾಲದಲ್ಲಿ ಕುಲಕಸುಬು ಹೋಯಿತು, ಗೇಣಿ ಗದ್ದೆ ಕೈತಪ್ಪಿತು, ನೆಂಟರು ದೂರವಾದರು. ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಮಿಶನಿನವರಿಗೆ ಬೇಗ ಗೊತ್ತಾಯಿತು. ಮಗ್ಗ ಹಾಕಿದರು, ಅಚ್ಚುಕೂಟ ಹಾಕಿದರು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎಬ್ಬಿಸಿದರು. ನೇತ್ರಾವತಿಯ ಆವೆಮಣ್ಣು ಹಂಚಾಗಿ ಹಡಗು ಹತ್ತಿತು. ಆಮೇಲೆ ಅದೇ ದಾರಿಯಲ್ಲಿ ಊರವರೂ ಕಾರ್ಖಾನೆ ಹಾಕಿದರು. ದೇವಸ್ಥಾನದ ಚಾವಡಿಗೂ ಅದೇ ಹಂಚು, ಮಸೀದಿಗೂ ಅದೇ ಹಂಚು, ಬಂದರಿನ ಗೋದಾಮಿಗೂ ಅದೇ ಹಂಚು. ವ್ಯಾಪಾರಕ್ಕೂ ಮತಕ್ಕೂ ಗಂಟು ಹಾಕುವುದು ಸರಿಯೇ ಎಂಬ ತಕರಾರು ಮಿಶನಿನ ಒಳಗೇ ಇತ್ತು. ಆದರೆ ಹಸಿದವನಿಗೆ ಬೇಕಾದದ್ದು ಏನು ಎಂದು ಕೇಳಿ ಶುರು ಮಾಡಿದ ಕೆಲಸ ಅದು. ಆದ ಕಾರಣ ನಿಂತಿತು.

ಕಂಕನಾಡಿಯ ಕತೆಯೂ ಹಾಗೆಯೇ. ಜರ್ಮನಿಯ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲಿಕ್ಕೆ ಕೂತರು. ಆಲದ ಮರದ ಬುಡದಲ್ಲಿ ಶುರುವಾದದ್ದು ಎಂದು ಈಗಲೂ ಹೇಳುತ್ತಾರೆ. ದಿನಾ ಕೂತವರಿಗೆ ಊರಿನ ಕಾಯಿಲೆ ಕಣ್ಣಿಗೆ ಬೀಳುತ್ತದೆ. ಕುಷ್ಠರೋಗಿಗಳನ್ನು ಯಾರೂ ಹತ್ತಿರ ಸೇರಿಸುವುದಿಲ್ಲ ಎಂದು ಕಂಡಿತು, 1890ರಲ್ಲಿ ಅವರಿಗೊಂದು ಆಸ್ಪತ್ರೆ ಆಯಿತು. ಪ್ಲೇಗ್ ಬಂತು, 1902ರಲ್ಲಿ ಅದಕ್ಕೊಂದು ಆಸ್ಪತ್ರೆ ಆಯಿತು. ಮೊದಲೇ ದೊಡ್ಡ ಕಟ್ಟಡದ ನಕ್ಷೆ ಹಿಡಿದು ಬಂದವರಲ್ಲ ಅವರು. ಔಷಧಿ ಪೆಟ್ಟಿಗೆಯಿಂದ ಶುರು ಮಾಡಿ ಊರು ಕೇಳಿದ ಹಾಗೆ ಬೆಳೆಸಿದರು.

1912ರಲ್ಲಿ ಕೆಥೋಲಿಕರು ಕಟ್ಟಿದ ಸಹಕಾರಿ ಸಾಲ ಸಂಘವೇ ಇಂದಿನ ಎಂ.ಸಿ.ಸಿ. ಬ್ಯಾಂಕ್. 1974ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಶುರು ಮಾಡಿದ ಸಿ.ಒ.ಡಿ.ಪಿ. ಹಳ್ಳಿಯ ಹೆಂಗಸರ ಸ್ವಸಹಾಯ ಗುಂಪುಗಳಿಗೆ ಕೈಹಾಕಿತು. ಈ ನಾಲ್ಕೂ ಕೆಲಸ ನೋಡಿದರೆ ಒಂದು ಸಮಾನ ಗುಣ ಕಾಣುತ್ತದೆ: ಕೊಡಲಿಕ್ಕೆ ನಮ್ಮಲ್ಲಿ ಏನುಂಟು ಎಂದು ಶುರುವಾದದ್ದಲ್ಲ, ಅವರಿಗೆ ಏನಿಲ್ಲ ಎಂದು ನೋಡಿ ಶುರುವಾದದ್ದು. ಮತ್ತೆ, ದಿನಾ ಬಾಗಿಲು ತೆಗೆದದ್ದು.

ಈಗ ಕಾಂಪೌಂಡಿನ ಹೊರಗೆ ಏನುಂಟು?

ಸಂಸ್ಥೆಗಳು ದೊಡ್ಡದಾದವು. ಆದರೆ ಪ್ರತಿ ಬೀದಿಯ ಸಣ್ಣ ಸಭೆಯವರಲ್ಲಿ ‘ಆಸ್ಪತ್ರೆ ಉಂಟು, ಶಾಲೆ ಉಂಟು, ನಮ್ಮ ಕೆಲಸ ಆಯಿತಲ್ಲ’ ಎಂಬ ಭಾವನೆ ಬಂದುಬಿಟ್ಟಿದೆ. ಅಷ್ಟರಲ್ಲಿ ಬೀದಿಯೇ ಬದಲಾಗಿದೆ.

ಬೆಂದೂರು, ಬಿಜೈ, ಫಳ್ನೀರ್ ಕಡೆ ಹೋಗಿ. ದೊಡ್ಡ ಮನೆ, ಮುಂದೆ ಮಾವಿನ ಮರ, ಒಳಗೆ ಒಬ್ಬರೇ ಅಜ್ಜಿ. ಮಗ ದುಬೈಯಲ್ಲಿ, ಮಗಳು ಕೆನಡಾದಲ್ಲಿ. ಬ್ಯಾಂಕಿನಲ್ಲಿ ದುಡ್ಡು ಉಂಟು, ಬಾತ್‌ರೂಮಿನಲ್ಲಿ ಜಾರಿ ಬಿದ್ದರೆ ಎತ್ತುವವರಿಲ್ಲ. ಇಂಥವರು ಕ್ರೈಸ್ತರಲ್ಲಿ ಮಾತ್ರವಲ್ಲ, ಎಲ್ಲ ಜಾತಿಯಲ್ಲೂ ಇದ್ದಾರೆ. ಇವರಿಗೆ ಅಕ್ಕಿ ಬೇಡ, ಕೇಕೂ ಬೇಡ. ವಾರಕ್ಕೆ ಎರಡು ಸಲ ಬಾಗಿಲು ತಟ್ಟಿ ‘ಹೇಗಿದ್ದೀರಿ ಬಾಯಿ?’ ‘ಹೇಗಿದ್ದೀರಿ ಅಮ್ಮ?’ ಎಂದು ಕೇಳುವ ಒಂದು ಬಾಯಿ ಬೇಕು.

ಇನ್ನೊಂದು ಕಡೆ, ಕಟ್ಟಡ ಕೆಲಸದ ತಗಡಿನ ಶೆಡ್ಡುಗಳು. ಕೊಪ್ಪಳ, ಬಾಗಲಕೋಟೆ, ರಾಯಚೂರಿನವರು. ಒಡಿಶಾ, ಜಾರ್ಖಂಡ್, ಬಿಹಾರದವರು. ಧಕ್ಕೆಯ ಬೋಟುಗಳಲ್ಲೂ ಇವರೇ. ಮಕ್ಕಳ ಶಾಲೆ ಅರ್ಧಕ್ಕೆ ನಿಂತಿರುತ್ತದೆ. ರೇಷನ್ ಕಾರ್ಡು ಊರಲ್ಲಿ, ಹೊಟ್ಟೆ ಇಲ್ಲಿ. ಇಗರ್ಜಿಯ ಪ್ರಕಟಣೆ ಕೊಂಕಣಿಯಲ್ಲಿ, ಸಭೆಯ ಮಾತು ಕರಾವಳಿ ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಶೆಡ್ಡಿನವರಿಗೆ ಒಂದೂ ಅರ್ಥವಾಗುವುದಿಲ್ಲ. ಭಾಷೆ ಕಲಿತು ನಿಘಂಟು ಬರೆದವರ ಮೊಮ್ಮಕ್ಕಳು ಪಕ್ಕದ ಶೆಡ್ಡಿನವನ ಜೊತೆ ನಾಲ್ಕು ಮಾತು ಹಿಂದಿಯಲ್ಲಿ ಆಡಲಿಕ್ಕೆ ಹಿಂಜರಿದರೆ ಹೇಗೆ?

ಮೂರನೆಯದು ಕುಡಿತ. ಇದರ ಬಗ್ಗೆ ವೇದಿಕೆಯಲ್ಲಿ ಮಾತಾಡಲಿಕ್ಕೆ ಎಲ್ಲರಿಗೂ ಸಂಕೋಚ. ಮನೆಯೊಳಗೆ ಹೆಂಡತಿ ಮಕ್ಕಳಿಗೆ ಮಾತ್ರ ಗೊತ್ತಿರುವ ಕಷ್ಟ ಅದು.

ನಾಲ್ಕನೆಯದು ಬಸ್ಸಿನಲ್ಲಿ ಓಡಾಡುವವರಿಗೆ ಚೆನ್ನಾಗಿ ಗೊತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಮಂಗಳೂರು ಸಿಟಿಯೊಳಗೆ ಹೆಚ್ಚಿನ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆ ಹೋಗುವ ಹೆಂಗಸು, ಜೊತೆಗೆ ಒಬ್ಬರು, ಬರುವಾಗ ನಿಲ್ಲಲಿಕ್ಕೆ ಆಗದೆ ರಿಕ್ಷಾ. ಚಿಕಿತ್ಸೆಗೆ ಸರ್ಕಾರದ ಕಾರ್ಡು ಸಿಕ್ಕಿದರೂ ದಾರಿ ಖರ್ಚಿಗೆ ಯಾವ ಕಾರ್ಡೂ ಇಲ್ಲ.

ಇವುಗಳಲ್ಲಿ ಒಂದಕ್ಕಾದರೂ ವರ್ಷಕ್ಕೊಂದು ಶಿಬಿರದಿಂದ ಮದ್ದು ಉಂಟೇ?

ಅನುಮಾನದ ಗೋಡೆ

ಇಷ್ಟು ಹೇಳಿದ ಕೂಡಲೇ ಸಭೆಯ ಹಿರಿಯರಿಂದ ಒಂದು ಮಾತು ಬರುತ್ತದೆ: ನಾವು ಹೊರಗೆ ಹೋಗಿ ಬಾಗಿಲು ತಟ್ಟಿದರೆ ಮತಾಂತರ ಎನ್ನುತ್ತಾರೆ, ನಮಗೆ ಯಾಕೆ ಬೇಕು ರಗಳೆ?

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯನ್ನು ಊರು ಮರೆತಿಲ್ಲ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತದ್ದು ಅದರ ವಿಚಾರಣೆಗೇ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಅದರಲ್ಲಿ ‘ಆಮಿಷ’ ಎಂಬ ಶಬ್ದದ ಅರ್ಥ ಬಹಳ ಅಗಲ: ಉಡುಗೊರೆ, ದುಡ್ಡು, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲ ಅದರೊಳಗೆ ಬಂತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಆ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ತಗೊಂಡಿತು. ಕಾಯ್ದೆಯ ಹಣೆಬರಹ ವಿಧಾನಸೌಧದಲ್ಲಿ ಆಗುವಂಥದ್ದು. ಬೀದಿಯ ಅನುಮಾನ ಮಾತ್ರ ಬೀದಿಯಲ್ಲೇ ಪರಿಹಾರ ಆಗಬೇಕು.

ಆ ಕಡೆಯವರ ಮಾತನ್ನೂ ಕೇಳಬೇಕು. ಅಕ್ಕಿಯ ಚೀಲದೊಳಗೆ ಪ್ರಾರ್ಥನೆಯ ಚೀಟಿ ಇಟ್ಟು ಕೊಟ್ಟರೆ ತಗೊಂಡವನಿಗೆ ಏನನ್ನಿಸುತ್ತದೆ? ಹಸಿವಿಗೆ ಕೊಟ್ಟದ್ದೋ, ಹೆಸರಿಗೆ ಕೊಟ್ಟದ್ದೋ ಎಂದು ಅವನು ಯೋಚಿಸಿದರೆ ತಪ್ಪೇನು? ಮತ ಸಾರುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿ ಎಲ್ಲರಿಗೂ ಉಂಟು. ಅದನ್ನು ಸಾರುವ ಜಾಗದಲ್ಲಿ ಸಾರಲಿ. ಔಷಧಿ ಕೊಡುವ ಕೈಯಲ್ಲಿ ಔಷಧಿ ಮಾತ್ರ ಇರಲಿ. ಇವೆರಡನ್ನು ಬೆರೆಸಿದರೆ ಔಷಧಿಗೂ ಮರ್ಯಾದೆ ಇಲ್ಲ, ಪ್ರಾರ್ಥನೆಗೂ ಮರ್ಯಾದೆ ಇಲ್ಲ.

ಆದ ಕಾರಣ ಸಭೆಯ ಪಾಲನಾ ಸಮಿತಿ ಮೊದಲ ದಿನವೇ ಒಂದು ಠರಾವು ಬರೆದು ಬೋರ್ಡಿಗೆ ಅಂಟಿಸುವುದು ಒಳ್ಳೆಯದು. ಸಹಾಯ ಪಡೆಯುವವರ ಜಾತಿ, ಮತ ಕೇಳುವುದಿಲ್ಲ. ಸಹಾಯದ ಜೊತೆ ಕರಪತ್ರ ಕೊಡುವುದಿಲ್ಲ. ತಗೊಂಡವರ ಫೋಟೋ ತೆಗೆಯುವುದಿಲ್ಲ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಪ್ರತಿ ತಿಂಗಳು ಗೇಟಿನಲ್ಲಿ ಹಾಕುತ್ತೇವೆ. ಸ್ಥಳೀಯ ಕಾರ್ಪೊರೇಟರಿಗೆ, ಪಕ್ಕದ ದೇವಸ್ಥಾನದ ಮತ್ತು ಮಸೀದಿಯ ಆಡಳಿತದವರಿಗೆ ಇದರ ಒಂದು ಪ್ರತಿ. ಮುಚ್ಚಿಟ್ಟರೆ ಅನುಮಾನ, ಬಿಚ್ಚಿಟ್ಟರೆ ನೆರೆಕರೆ.

ಯೋಜನೆ ಅಂದರೆ ಎಂತ?

ಯೋಜನೆ ಎಂದ ಕೂಡಲೇ ಪ್ರೊಜೆಕ್ಟರ್ ತಂದು ಹವಾನಿಯಂತ್ರಿತ ಹಾಲಿನಲ್ಲಿ ಸೆಮಿನಾರು ಮಾಡಬೇಕೆಂದಿಲ್ಲ. ನಾಲ್ಕು ಸಂಗತಿ ಸರಿ ಇದ್ದರೆ ಆಯಿತು.

ಮೊದಲನೆಯದು, ನಡೆಯುವುದು. ಇಗರ್ಜಿಯ ಗೇಟಿನಿಂದ ಮುಂದಿನ ಎರಡು ಬಸ್ ಸ್ಟಾಪಿನ ತನಕ, ನಾಲ್ಕೂ ದಿಕ್ಕಿಗೆ. ಬೆಳಿಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಒಂದು ಸಲ. ಆರಕ್ಕೆ ಕೂಲಿಗೆ ಕಾಯುವವರು ಕಾಣುತ್ತಾರೆ. ಎರಡಕ್ಕೆ ಮನೆಯಲ್ಲಿ ಒಬ್ಬರೇ ಇರುವ ಮುದುಕರು ಕಾಣುತ್ತಾರೆ. ಎಂಟಕ್ಕೆ ಬಾರಿನಿಂದ ಹೊರಗೆ ಬರುವವರು ಕಾಣುತ್ತಾರೆ. ಭಾನುವಾರ ಒಂಬತ್ತಕ್ಕೆ ಮಾತ್ರ ಗೇಟಿನ ಹತ್ತಿರ ನಿಂತರೆ ಇವರು ಯಾರೂ ಕಾಣುವುದಿಲ್ಲ.

ನಡೆಯುವಾಗ ಕೇಳಬೇಕಾದವರು ದೊಡ್ಡವರಲ್ಲ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ನ್ಯಾಯಬೆಲೆ ಅಂಗಡಿಯವರು, ಹಾಲಿನ ಬೂತಿನವರು, ಮೆಡಿಕಲ್ ಶಾಪಿನವರು, ರಿಕ್ಷಾ ಪಾರ್ಕಿನವರು. ಯಾರ ಮನೆಯಲ್ಲಿ ಹಾಲು ಎರಡು ಪ್ಯಾಕೆಟಿನಿಂದ ಅರ್ಧಕ್ಕೆ ಇಳಿಯಿತು, ಯಾರು ಹತ್ತು ಮಾತ್ರೆಯ ಚೀಟಿ ತಂದು ಮೂರೇ ಮಾತ್ರೆ ತಗೊಂಡು ಹೋಗುತ್ತಾರೆ, ಯಾರ ಉದರಿ ಪುಸ್ತಕ ಮೂರು ತಿಂಗಳಿಂದ ಬೆಳೆಯುತ್ತಾ ಉಂಟು... ಇವರಿಗೆ ಗೊತ್ತಿದ್ದಷ್ಟು ಯಾವ ಸರ್ವೇಯವರಿಗೂ ಗೊತ್ತಿಲ್ಲ.

ಎರಡನೆಯದು, ಒಂದೇ ಕೆಲಸ ಹಿಡಿಯುವುದು. ಸಮಿತಿಯಲ್ಲಿ ಹತ್ತು ಮಂದಿ ಕೂತರೆ ಹನ್ನೆರಡು ಯೋಜನೆ ಬರುತ್ತವೆ. ಒಬ್ಬರಿಗೆ ಟ್ಯೂಷನ್, ಇನ್ನೊಬ್ಬರಿಗೆ ಹೊಲಿಗೆ ಮೆಷಿನ್, ಮತ್ತೊಬ್ಬರಿಗೆ ಪರಿಸರ. ಎಲ್ಲ ಹಿಡಿದರೆ ಯಾವುದೂ ದಡ ಸೇರುವುದಿಲ್ಲ. ಬೀದಿಗೆ ಯಾವುದು ಹೆಚ್ಚು ಬೇಕು, ನಮ್ಮ ಸಭೆಯಲ್ಲಿ ಅದು ಗೊತ್ತಿರುವವರು ಯಾರಿದ್ದಾರೆ, ಬೇರೆಯವರು ಅದನ್ನು ಆಗಲೇ ಮಾಡುತ್ತಿದ್ದಾರಾ — ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿದ ಕೆಲಸ ಒಂದನ್ನು ಹಿಡಿದು ಮೂರು ವರ್ಷ ಬಿಡಬಾರದು.

ಪಕ್ಕದ ಸಂಘದವರು ಆಗಲೇ ರಾತ್ರಿ ಊಟ ಕೊಡುತ್ತಿದ್ದರೆ ಅದೇ ಜಾಗದಲ್ಲಿ ಇನ್ನೊಂದು ಅನ್ನದ ಪಾತ್ರೆ ಇಡುವುದು ಪೈಪೋಟಿ, ಸೇವೆ ಅಲ್ಲ. ಅವರಿಗೇ ಎರಡು ಚೀಲ ಅಕ್ಕಿ ಕಳುಹಿಸಿ ಕೈಜೋಡಿಸಿದರೆ ಆಯಿತು.

ಮೂರನೆಯದು, ಆಳು. ಸಮಿತಿ ಮಾಡುತ್ತದೆ ಎಂದರೆ ಯಾರೂ ಮಾಡುವುದಿಲ್ಲ ಎಂದೇ ಅರ್ಥ. ಒಬ್ಬರ ಹೆಸರು, ಒಂದು ಫೋನ್ ನಂಬರು, ವಾರದಲ್ಲಿ ಇಂಥ ದಿನ ಇಂಥ ಗಂಟೆಗೆ ಎಂದು ಗೇಟಿನಲ್ಲಿ ಬೋರ್ಡು. 7.40ರ ಬಸ್ಸು ದಿನಾ 7.40ಕ್ಕೆ ಬಂದರೆ ಮಾತ್ರ ಜನ ಸ್ಟಾಪಿನಲ್ಲಿ ನಿಲ್ಲುತ್ತಾರೆ. ಒಂದು ದಿನ ಬಂದು ಮೂರು ದಿನ ಟ್ರಿಪ್ ಕಟ್ ಆದರೆ ಬೇರೆ ದಾರಿ ನೋಡುತ್ತಾರೆ.

ಕೆಥೋಲಿಕರಲ್ಲಿ ವಾಳೆ ಉಂಟು, ವಾಳೆಗೊಬ್ಬರು ಗುರಿಕಾರರಿದ್ದಾರೆ. ಸಿ.ಎಸ್.ಐ. ಸಭೆಗಳಲ್ಲಿ ಸ್ತ್ರೀಯರ ಸಂಘ, ಯುವಕರ ಸಂಘ ಉಂಟು. ಹೊಸ ಸಂಘ ಹುಟ್ಟಿಸುವ ಅಗತ್ಯವೇ ಇಲ್ಲ. ಹನ್ನೆರಡು ಮಂದಿ ಸಿಕ್ಕಿದರೆ ಆರು ಜೋಡಿ. ಒಂದೊಂದು ಜೋಡಿ ವಾರಕ್ಕೆ ಒಂದು ಸಂಜೆ ಮೂರು ಮನೆ ನೋಡಿದರೆ ವಾರಕ್ಕೆ ಹದಿನೆಂಟು ಮನೆ ಆಯಿತು. ಮನೆಮನೆಗೆ ಹೋಗಿ ನೋಡುವ ಈ ಪದ್ಧತಿ ಹೊಸದಲ್ಲ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು 1833ರಲ್ಲಿ ಪ್ಯಾರಿಸಿನಲ್ಲಿ ಶುರು ಮಾಡಿದಾಗಿನಿಂದ ಮಾಡುತ್ತಾ ಬಂದದ್ದು ಇದನ್ನೇ.

ಜೋಡಿಯಲ್ಲಿ ಹೋಗುವುದಕ್ಕೆ ಇನ್ನೊಂದು ಕಾರಣ ಉಂಟು. ಒಬ್ಬರೇ ಮುದುಕರಿರುವ ಮನೆಗೆ ಒಬ್ಬರೇ ಹೋದರೆ ನಾಳೆ ಏನಾದರೂ ಮಾತು ಬಂದರೆ ಇಬ್ಬರಿಗೂ ಕಷ್ಟ. ಮಕ್ಕಳ ಟ್ಯೂಷನ್ ಆದರಂತೂ ಇದು ಕಡ್ಡಾಯ. ಬಾಗಿಲು ತೆಗೆದ ಕೋಣೆ, ಯಾವಾಗಲೂ ಇಬ್ಬರು ದೊಡ್ಡವರು, ತಂದೆತಾಯಿಯ ಒಪ್ಪಿಗೆ ಬರಹದಲ್ಲಿ. 2012ರ ಪೋಕ್ಸೋ ಕಾಯ್ದೆ ಪಾದ್ರಿಗಳಿಗೂ ಒಂದೇ, ಸ್ವಯಂಸೇವಕರಿಗೂ ಒಂದೇ. ‘ನಮ್ಮವರೇ ಅಲ್ವಾ’ ಎಂದು ಬಿಡುವ ವಿಷಯ ಅದಲ್ಲ.

ನಾಲ್ಕನೆಯದು ದುಡ್ಡು

‘ಎಲ್ಲ ಸರಿ, ದುಡ್ಡು ಎಲ್ಲಿಂದ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊರದೇಶದಿಂದ ಬರುತ್ತದೆ ಎಂದು ರಿಕ್ಷಾ ಪಾರ್ಕಿನಲ್ಲಿ ಮಾತಾಡುವುದುಂಟು. ಅಷ್ಟು ಸುಲಭ ಇಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಹೊರಗಿನ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಬರಬೇಕು. ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಆಡಳಿತ ಖರ್ಚಿಗೆ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಬಳಸುವ ಹಾಗಿಲ್ಲ. ಬೀದಿಯ ಸಣ್ಣ ಸಭೆಗೆ ಆ ದಾರಿ ದೂರ, ಅಗತ್ಯವೂ ಇಲ್ಲ.

ಲೆಕ್ಕ ಹಾಕಿ ನೋಡಿ. 150 ಮನೆಯ ಒಂದು ಸಭೆ ಎಂದು ಇಟ್ಟುಕೊಳ್ಳೋಣ. ಮನೆಗೆ ತಿಂಗಳಿಗೆ 100 ರೂಪಾಯಿ. ತಿಂಗಳಿಗೆ 15,000 ಆಯಿತು. ಅದರಲ್ಲಿ ರಿಟಾಯರ್ ಆದ ಒಬ್ಬ ನರ್ಸಿಗೆ ಅರ್ಧ ದಿನದ ಗೌರವಧನ 7,000. ರಿಕ್ಷಾ, ಬಸ್ ಖರ್ಚು 3,000. ಅರ್ಜೆಂಟ್ ಔಷಧಿಗೆ 3,500. ಜೆರಾಕ್ಸ್, ಫೋನಿಗೆ 500. ಉಳಿದ 1,000 ಮಳೆಗಾಲದ ಆಪತ್ತಿಗೆ ಬದಿಗೆ. ವರ್ಷಕ್ಕೆ ಎಲ್ಲ ಸೇರಿ 1,80,000. ಒಂದು ಹಬ್ಬದ ಶಾಮಿಯಾನ, ಲೈಟಿಂಗ್, ಬ್ಯಾಂಡು, ಊಟದ ಬಿಲ್ಲನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ದುಡ್ಡು ಇಲ್ಲ ಎಂದು ಹೇಳಲಿಕ್ಕೆ ಬಾಯಿ ಬರಲಿಕ್ಕಿಲ್ಲ.

ದುಡ್ಡೇ ಬೇಡದ ಕೆಲಸವೂ ಉಂಟು. ಕುಡಿತ ಬಿಟ್ಟವರು ಕೂತು ಒಬ್ಬರಿಗೊಬ್ಬರು ಧೈರ್ಯ ಹೇಳುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಯಾವ ಮತಕ್ಕೂ ಅದು ಸೇರಿಲ್ಲ, ಬಂದವರ ಹೆಸರು ಹೊರಗೆ ಹೇಳುವುದಿಲ್ಲ, ಫೀಸೂ ಇಲ್ಲ. ಅವರಿಗೆ ಬೇಕಾದದ್ದು ವಾರಕ್ಕೊಮ್ಮೆ ಸಂಜೆ ಒಂದು ಕೋಣೆ, ನಾಲ್ಕು ಬೆಂಚು, ಒಂದು ಫ್ಯಾನು. ಭಾನುವಾರ ಕ್ಯಾಟಕಿಸಂ ಮುಗಿದ ಮೇಲೆ ಆರು ದಿನ ಬೀಗ ಹಾಕಿರುವ ಕೋಣೆ ಯಾವ ಇಗರ್ಜಿಯಲ್ಲಿ ಇಲ್ಲ? ಬೀಗದ ಕೈ ಕೊಡುವುದು ಅಷ್ಟೇ.

ಇನ್ನೊಂದು ಕಾಗದದ ಕೆಲಸ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ, ಆರೋಗ್ಯ ಕಾರ್ಡು... ಸರ್ಕಾರದಲ್ಲಿ ದುಡ್ಡು ಉಂಟು, ಅರ್ಜಿ ತುಂಬಿಸಲಿಕ್ಕೆ ಗೊತ್ತಿಲ್ಲದವರಿಗೆ ಅದು ಇಲ್ಲದ ಹಾಗೆ. ಆಧಾರ್ ಜೋಡಣೆ ತಪ್ಪಿ ಪಿಂಚಣಿ ನಿಂತರೆ ಅಜ್ಜಿ ಯಾರ ಹತ್ತಿರ ಕೇಳಬೇಕು? ಪ್ರತಿ ಸಭೆಯಲ್ಲೂ ರಿಟಾಯರ್ ಆದ ಒಬ್ಬ ಬ್ಯಾಂಕಿನವರು, ಒಬ್ಬ ಟೀಚರು, ತಾಲೂಕು ಕಚೇರಿ ಗೊತ್ತಿರುವ ಒಬ್ಬರು ಇದ್ದೇ ಇರುತ್ತಾರೆ. ಶನಿವಾರ ಎರಡು ಗಂಟೆ ಮೇಜು ಹಾಕಿ ಕೂತರೆ ತಿಂಗಳಿಗೆ ಹತ್ತು ಮನೆಗೆ ದಾರಿಯಾಗುತ್ತದೆ. ಮೇಜಿನ ಹಿಂದೆ ಎರಡು ನಂಬರು ದೊಡ್ಡದಾಗಿ ಬರೆದಿಡಲಿ: ಹಿರಿಯರ ಸಹಾಯವಾಣಿ 14567, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416.

ಅಂಗಡಿಯವರ ಪಾಲು

ಇದು ಕ್ರೈಸ್ತರ ಮನೆಯ ವಿಷಯ, ನಮಗೇನು ಎಂದು ಉಳಿದವರು ಪೇಪರ್ ಮಡಚಿಡಬೇಕಾಗಿಲ್ಲ. ಬೀದಿಯಲ್ಲಿ ಒಂಟಿ ಮುದುಕಿ ಮೂರು ದಿನದಿಂದ ಹಾಲು ತಗೊಳ್ಳಲಿಕ್ಕೆ ಬರಲಿಲ್ಲ ಎಂದು ಮೊದಲು ಗೊತ್ತಾಗುವುದು ಬೂತಿನವರಿಗೆ. ಅವರ ಹತ್ತಿರ ಫೋನ್ ಮಾಡಲಿಕ್ಕೆ ಒಂದು ನಂಬರು ಬೇಕು. ಆ ನಂಬರು ಪಾದ್ರಿಗಳದ್ದೋ, ದೇವಸ್ಥಾನದ ಮೊಕ್ತೇಸರರದ್ದೋ, ಮಸೀದಿಯ ಜಮಾಅತ್ತಿನದ್ದೋ, ಬಿದ್ದವರಿಗೆ ವ್ಯತ್ಯಾಸ ಆಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಅಕ್ಕಿ, ಔಷಧಿ ಹೊತ್ತುಕೊಂಡು ಹೋದವರು ಎಲ್ಲ ಕಡೆಯಿಂದಲೂ ಇದ್ದರು. ಅದೇ 2020ರ ಏಪ್ರಿಲಿನಲ್ಲಿ ಕೊರೊನಾದಲ್ಲಿ ತೀರಿಕೊಂಡವರ ಅಂತ್ಯಕ್ರಿಯೆಗೆ ಇದೇ ಮಂಗಳೂರಿನಲ್ಲಿ ಜನ ಅಡ್ಡ ನಿಂತದ್ದೂ ಉಂಟು. ಒಂದೇ ಊರು, ಒಂದೇ ತಿಂಗಳು. ನೆರೆಕರೆ ಗೊತ್ತಿದ್ದ ಕಡೆ ಕೈ ಮುಂದೆ ಬಂತು, ಗೊತ್ತಿಲ್ಲದ ಕಡೆ ಹೆದರಿಕೆ ಮುಂದೆ ಬಂತು. ಪರಿಚಯ ಮಾಡಿಕೊಳ್ಳುವ ಕೆಲಸ ಆಪತ್ತು ಬಂದ ಮೇಲೆ ಆಗುವುದಿಲ್ಲ.

ವರ್ಷದ ಕೊನೆಗೆ ಸ್ಟಾಕು

ಅಂಗಡಿಯವರು ಮಾರ್ಚಿಯಲ್ಲಿ ಸ್ಟಾಕ್ ತೆಗೆಯುವ ಹಾಗೆ ಸಭೆಯವರೂ ವರ್ಷಕ್ಕೊಮ್ಮೆ ಸ್ಟಾಕ್ ತೆಗೆಯಬೇಕು. ಎಷ್ಟು ಕಿಟ್ ಹಂಚಿದೆವು, ಎಷ್ಟು ಮಂದಿ ಬಂದರು, ಯಾವ ಮಂತ್ರಿ ಬಂದರು ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಸಕ್ಕರೆ 280 ಇದ್ದವರಲ್ಲಿ ಎಷ್ಟು ಮಂದಿಗೆ ಈಗ 150ಕ್ಕೆ ಇಳಿಯಿತು? ನಿಂತಿದ್ದ ಪಿಂಚಣಿ ಎಷ್ಟು ಮಂದಿಗೆ ಪುನಃ ಬಂತು? ಶೆಡ್ಡಿನ ಮಕ್ಕಳಲ್ಲಿ ಎಷ್ಟು ಮಂದಿ ಜೂನಿನಲ್ಲಿ ಶಾಲೆಗೆ ಸೇರಿ ಮಾರ್ಚಿ ತನಕ ಉಳಿದರು? ಎಷ್ಟು ಮನೆಗೆ ಈಗ ಹೋಗುವ ಅಗತ್ಯ ಇಲ್ಲ? ಈ ಕೊನೆಯ ಲೆಕ್ಕ ಬಹಳ ಮುಖ್ಯ. ಸಹಾಯ ತಗೊಳ್ಳುವವರ ಸಂಖ್ಯೆ ಪ್ರತಿ ವರ್ಷ ಹೆಚ್ಚಾದರೆ ಅದು ಹೆಮ್ಮೆ ಅಲ್ಲ, ಎಲ್ಲೋ ಕೆಲಸ ತಪ್ಪಿದೆ ಎಂದು ಅರ್ಥ.

ಲೆಕ್ಕದಲ್ಲಿ ಸೊನ್ನೆ ಬಂದರೆ ಸೊನ್ನೆ ಎಂದೇ ಗೇಟಿನಲ್ಲಿ ಬರೆಯಲಿ. ಊರವರು ನಗುವುದಿಲ್ಲ. ಸೊನ್ನೆಯನ್ನು ಹೂಮಾಲೆಯಿಂದ ಮುಚ್ಚಿದರೆ ಮಾತ್ರ ನಗುತ್ತಾರೆ.

ಈ ಡಿಸೆಂಬರಿನಲ್ಲೂ ಬ್ಯಾನರು ಏಳಲಿ, ಕೇಕು ಹಂಚಲಿ, ನಕ್ಷತ್ರ ಉರಿಯಲಿ. ಹಬ್ಬ ಹಬ್ಬವೇ. ಆದರೆ ಜನವರಿಯ ಎರಡನೇ ವಾರ, ನಕ್ಷತ್ರ ಇಳಿಸಿ ಅಟ್ಟಕ್ಕೆ ಹಾಕಿದ ಮೇಲೆ, ಆ ಗೇಟಿನ ಎದುರಿನ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವವರು ಒಮ್ಮೆ ಕತ್ತೆತ್ತಿ ನೋಡಲಿ. ಹೆಸರು, ನಂಬರು, ದಿನ, ಗಂಟೆ ಬರೆದ ಬೋರ್ಡು ಅಲ್ಲಿ ಉಂಟೇ? ಆ ಗಂಟೆಗೆ ಬಾಗಿಲು ತೆಗೆದಿದೆಯೇ?